ಮನೆಮನೆಯ ಪ್ರಸಂಗದ ಪ್ರತಿ, ಓಲೆಗರಿ, ಕ್ಯಾಸೆಟ್‌ಗಳಿಗೆ ಒಂದು ಸಾಮೂಹಿಕ ಡಿಜಿಟಲ್ ಭಂಡಾರ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಗ್ರಂಥಪಾಲಕ, ಬದಿಯಡ್ಕ ಸಮೀಪ

ಮಾನ್ಯರಿಗೆ ವಂದನೆಗಳು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಹೆಚ್ಚು ದೂರವಲ್ಲದ ಹಳ್ಳಿಯೊಂದರ ಗ್ರಂಥಾಲಯವನ್ನು ನಾನು ಹದಿನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಕಳೆದ ಬೇಸಗೆಯಲ್ಲಿ ನೆರೆಮನೆಯವರು ಹಳೆಯ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಲು ಹೊರಟಾಗ, ಅಟ್ಟದಲ್ಲಿದ್ದ ತಗಡಿನ ಪೆಟ್ಟಿಗೆಯೊಂದನ್ನು ಗ್ರಂಥಾಲಯಕ್ಕೆ ತಂದುಕೊಟ್ಟರು. ಅದರೊಳಗೆ ಮೂವತ್ತೊಂದು ಕೈಬರಹದ ಯಕ್ಷಗಾನ ಪ್ರಸಂಗ ಪುಸ್ತಕಗಳಿದ್ದವು. ಆ ಮನೆಯ ಹಿರಿಯರೊಬ್ಬರು ಭಾಗವತರಾಗಿದ್ದು (ಹಾಡಿ ಆಟವನ್ನು ನಡೆಸುವವರು), ಆಟಕ್ಕೆ, ಅಂದರೆ ಯಕ್ಷಗಾನ ಪ್ರದರ್ಶನಕ್ಕೆ, ಒಯ್ಯಲೆಂದೇ ಬರೆದುಕೊಂಡ ಪ್ರತಿಗಳು ಅವು. ಪದಗಳು (ಹಾಡುಗಳು) ಕಪ್ಪು ಶಾಯಿಯಲ್ಲಿ, ರಾಗ ತಾಳಗಳ ಹೆಸರು ಕೆಂಪು ಶಾಯಿಯಲ್ಲಿ, ಅಂಚಿನ ತುಂಬ ಪೆನ್ಸಿಲಿನ ಟಿಪ್ಪಣಿಗಳು. ಒಂದು ಕಡೆ ‘ಹೊತ್ತು ಕಡಿಮೆಯಿದ್ದರೆ ಇಲ್ಲಿಂದ ನೇರ ಯುದ್ಧಕ್ಕೆ’ ಎಂದಿದೆ. ಇನ್ನೊಂದು ಕಡೆ ಎರಡು ಪದಗಳಿಗೆ ಗೆರೆ ಎಳೆದು, ‘ಚೌಕಿಯಲ್ಲಿ ವೇಷ ತಡವಾದರೆ ಮಾತ್ರ’ ಎಂದು ಬರೆದಿದ್ದಾರೆ (ಚೌಕಿಯೆಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಕೋಣೆ). ಅಚ್ಚಾದ ಪ್ರಸಂಗ ಪುಸ್ತಕಗಳಲ್ಲಿ ಇಂಥದ್ದೊಂದೂ ಸಿಗುವುದಿಲ್ಲ. ಒಂದು ರಾತ್ರಿಯ ಆಟವನ್ನು ಭಾಗವತನಾದವನು ಹೇಗೆ ನಡೆಸುತ್ತಿದ್ದನೆಂಬುದು ಆ ಪೆನ್ಸಿಲಿನ ಅಕ್ಷರಗಳಲ್ಲಿ ಮಾತ್ರ ಉಳಿದಿದೆ.

ಆ ಪೆಟ್ಟಿಗೆಯ ಸುದ್ದಿ ಹಬ್ಬಿದ ಮೇಲೆ ಬೇರೆ ಮನೆಗಳವರೂ ಹೇಳತೊಡಗಿದರು. ಒಬ್ಬರ ಪತ್ತಾಯದ (ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆಯ) ಮೇಲೆ ಯಾರೂ ಓದಲಾಗದ ಲಿಪಿಯ ಓಲೆಗರಿಯ ಕಟ್ಟು, ಇನ್ನೊಬ್ಬರಲ್ಲಿ ತಾಳಮದ್ದಳೆಯ (ವೇಷವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ ಕೂಟದ) ಎಪ್ಪತ್ತಕ್ಕೂ ಮಿಕ್ಕಿದ ಕ್ಯಾಸೆಟ್‌ಗಳು, ಮತ್ತೊಂದು ಮನೆಯಲ್ಲಿ ಮೂಲಗೇಣಿ, ಚಾಲಗೇಣಿಯ ಚೀಟುಗಳು, ಅಂದರೆ ಜಮೀನನ್ನು ಗೇಣಿಗೆ ಕೊಟ್ಟ ಕರಾರು ಪತ್ರಗಳು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಹಂಚಿದ್ದ, ಅದು ಕರ್ನಾಟಕಕ್ಕೆ ಸೇರಬೇಕೆಂಬ ಏಕೀಕರಣ ಹೋರಾಟದ ಕರಪತ್ರಗಳೂ ಕೆಲವಿವೆ.

ಇವೆಲ್ಲವನ್ನೂ ಊರಿನವರೇ ಸೇರಿ ಡಿಜಿಟಲ್ ರೂಪದಲ್ಲಿ ಒಂದೆಡೆ ಉಳಿಸಬೇಕೆಂಬುದು ನಮ್ಮ ಆಸೆ. ಆದರೆ ಹಿಂದೊಮ್ಮೆ ಕೈಸುಟ್ಟುಕೊಂಡಿದ್ದೇವೆ. ಆರು ವರ್ಷಗಳ ಹಿಂದೆ ಉತ್ಸಾಹಿ ಹುಡುಗರು ಶಾಲೆಯ ಹಳೆಯ ಸ್ಮರಣ ಸಂಚಿಕೆಗಳ ಆರುನೂರು ಪುಟಗಳನ್ನು ಮೊಬೈಲಿನಲ್ಲಿ ತೆಗೆದು, ತಮ್ಮಲ್ಲೊಬ್ಬನ ಖಾತೆಯಲ್ಲಿ ಇಟ್ಟಿದ್ದರು. ಅವನು ಗಲ್ಫಿಗೆ ಹೋದ, ನಂಬರು ಬದಲಾಯಿತು, ಖಾತೆ ತೆರೆಯದಾಯಿತು. ಇತ್ತ ಆ ಸಂಚಿಕೆಗಳಲ್ಲಿ ಎರಡನ್ನು ಗೆದ್ದಲು ತಿಂದುಬಿಟ್ಟಿತು. ಈ ಸಲ ಹಾಗಾಗಬಾರದು. ಮೊದಲು ಯಾವುದನ್ನು ಎತ್ತಿಕೊಳ್ಳಬೇಕು, ಯಾವ ರೂಪದಲ್ಲಿ ಉಳಿಸಬೇಕು, ಎಲ್ಲಿ ಇಡಬೇಕು, ಯಾರ ಒಪ್ಪಿಗೆ ಪಡೆಯಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಕಾಲೇಜು ಗ್ರಂಥಾಲಯದಿಂದ ನಿವೃತ್ತೆ, ಮಂಜೇಶ್ವರ

ಸ್ಕ್ಯಾನರ್ ಕೊಳ್ಳುವ ಮೊದಲು ಒಂದು ದಪ್ಪ ರಿಜಿಸ್ಟರ್ ಕೊಳ್ಳಿರಿ ಎಂಬುದೇ ನನ್ನ ಮೊದಲ ಮಾತು. ಪುಟಗಳ ಚಿತ್ರ ತೆಗೆಯುವುದು ಈ ಕೆಲಸದಲ್ಲಿ ಸುಲಭದ ಭಾಗ. ಇದು ಯಾರ ಕೈಬರಹ, ಯಾವ ಮನೆಯದು, ಯಾವ ಮೇಳದ ಕಾಲದ್ದು ಎಂಬುದನ್ನು ಹೇಳಬಲ್ಲವರು ಇನ್ನೂ ಇದ್ದಾರಲ್ಲ, ಅವರ ಬಾಯಿಂದ ಅದನ್ನು ಬರೆದುಕೊಳ್ಳುವುದು ಕಷ್ಟದ ಭಾಗ, ಮುಂದಕ್ಕೆ ಹಾಕಲಾಗದ ಭಾಗವೂ ಅದೇ. ಪುಸ್ತಕ ಪೆಟ್ಟಿಗೆಯಲ್ಲಿ ಇನ್ನೆರಡು ಮಳೆಗಾಲ ತಾಳೀತು, ಎಂಬತ್ತೈದು ದಾಟಿದ ಹಿರಿಯರ ನೆನಪಿನ ಬಗ್ಗೆ ಹಾಗೆ ಹೇಳಲಾಗದು. ಆದ್ದರಿಂದ ಪ್ರತಿಯೊಂದು ಪುಸ್ತಕಕ್ಕೂ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಕೊಟ್ಟು, ರಿಜಿಸ್ಟರಿನಲ್ಲಿ ಅದೇ ಸಂಖ್ಯೆಯ ಮುಂದೆ ಹೆಸರು, ಬರೆದವರು, ಕೊಟ್ಟ ಮನೆ, ಅಂದಾಜು ಕಾಲ, ಭಾಷೆ, ಲಿಪಿ, ಪುಟಗಳ ಸಂಖ್ಯೆ, ಈಗಿನ ಸ್ಥಿತಿ, ಈ ಮಾಹಿತಿ ಹೇಳಿದವರು ಯಾರು ಎಂಬುದನ್ನು ತುಂಬಿಸಿರಿ. ಗೊತ್ತಿಲ್ಲದ ಕಡೆ ಊಹಿಸಿ ಬರೆಯದೆ ಜಾಗ ಖಾಲಿ ಬಿಡಿರಿ. ಭಾಷೆಗೂ ಲಿಪಿಗೂ ಬೇರೆ ಬೇರೆ ಕಾಲಂ ಇರಲೇಬೇಕು, ಏಕೆಂದರೆ ನಮ್ಮಲ್ಲಿ ತುಳು ಕನ್ನಡ ಲಿಪಿಯಲ್ಲೂ, ಸಂಸ್ಕೃತ ತುಳು ಲಿಪಿಯಲ್ಲೂ ಸಿಗುತ್ತದೆ.

ಸ್ಥಳನಾಮದ ವಿಷಯದಲ್ಲಿ ನಮ್ಮ ಜಿಲ್ಲೆಯವರು ವಿಶೇಷವಾಗಿ ಎಚ್ಚರ ವಹಿಸಬೇಕು. ಒಂದೇ ಊರಿನ ಕಾಗದದಲ್ಲಿ 1956ಕ್ಕೆ ಮೊದಲು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆ ಎಂದಿರುತ್ತದೆ, ಆಮೇಲಿನ ದಶಕಗಳಲ್ಲಿ ಕಣ್ಣೂರು ಜಿಲ್ಲೆ ಎಂದಾಗುತ್ತದೆ, 1984ರ ಮೇ 24ರ ಬಳಿಕ ಕಾಸರಗೋಡು ಜಿಲ್ಲೆ. ಊರಿನ ಹೆಸರುಗಳೂ ಹಾಗೆಯೇ: ನಮ್ಮ ಬದಿಯಡ್ಕ ಮಲಯಾಳದ ಫಲಕದಲ್ಲಿ ಬದಿಯಡುಕ್ಕ, ಮಂಜೇಶ್ವರ ಮಂಜೇಶ್ವರಂ. ನಾಳೆ ಯಾರೋ ಹುಡುಕುವಾಗ ಒಂದು ರೂಪ ಮಾತ್ರ ಇದ್ದರೆ ಅರ್ಧ ಭಂಡಾರ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಾಗದದಲ್ಲಿರುವ ರೂಪ, ಊರವರು ಆಡುವ ರೂಪ, ಈಗಿನ ಸರಕಾರಿ ರೂಪ ಈ ಮೂರನ್ನೂ ಬರೆದಿಡಿರಿ. ಕನ್ನಡದ ಹೆಸರುಗಳು ಫಲಕಗಳಿಂದ ಒಂದೊಂದಾಗಿ ಮರೆಯಾಗುವುದನ್ನು ನೋಡಿದ ನನಗೆ, ಆ ಒಂದು ಕಾಲಮ್ಮೇ ದೊಡ್ಡ ದಾಖಲೆಯೆಂದು ತೋರುತ್ತದೆ.

ಇನ್ನು ಚಿತ್ರಗಳ ವಿಷಯ. ಪುಸ್ತಕಗಳನ್ನು ಬಣ್ಣದಲ್ಲಿಯೇ, ಕನಿಷ್ಠ 300 ಡಿಪಿಐಯಲ್ಲಿ ತೆಗೆಯಿರಿ. ಕಪ್ಪುಬಿಳುಪಿನಲ್ಲಿ ತೆಗೆದರೆ ನಿಮ್ಮ ಭಾಗವತರ ಕೆಂಪು ಶಾಯಿಯೂ ಕಪ್ಪಾಗುತ್ತದೆ, ಪೆನ್ಸಿಲಿನ ಟಿಪ್ಪಣಿ ಅಳಿಸಿಯೇ ಹೋಗುತ್ತದೆ. ಮೂಲ ಚಿತ್ರವನ್ನು ಟಿಫ್ ರೂಪದಲ್ಲಿ (ವಿವರ ಕುಗ್ಗಿಸದೆ ಉಳಿಸುವ ಚಿತ್ರ ಕಡತ) ಉಳಿಸಿ, ಓದಲಿಕ್ಕೆ ಬೇರೆ ಸಣ್ಣ ಪಿಡಿಎಫ್ ಮಾಡಿಕೊಳ್ಳಿರಿ. ಎ4 ಅಳತೆಯ ಒಂದು ಪುಟ ಟಿಫ್‌ನಲ್ಲಿ ಸುಮಾರು 26 ಎಂಬಿ ಆಗುತ್ತದೆ, ಅಂದರೆ ಇನ್ನೂರು ಪುಟದ ಪುಸ್ತಕಕ್ಕೆ ಐದು ಜಿಬಿಗೆ ಸ್ವಲ್ಪ ಹೆಚ್ಚು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದ್ದು ಕುಗ್ಗಿ ಬರುತ್ತದೆ, ಅದನ್ನು ಎಂದಿಗೂ ಮೂಲವೆಂದು ಇಟ್ಟುಕೊಳ್ಳಬಾರದು. ಕಡತದ ಹೆಸರಿನಲ್ಲಿ ರಿಜಿಸ್ಟರಿನ ಸಂಖ್ಯೆ ಮತ್ತು ಪುಟ ಸಂಖ್ಯೆ ಇದ್ದರೆ ಸಾಕು. ಬರಹಗಳೆಲ್ಲ ಯುನಿಕೋಡ್‌ನಲ್ಲಿರಲಿ. ಹಳೆಯ ಸ್ಮರಣ ಸಂಚಿಕೆಗಳ ಡಿಟಿಪಿ ಕಡತಗಳು ಯಾವುದಾದರೂ ಮುದ್ರಣಾಲಯದಲ್ಲಿ ಉಳಿದಿದ್ದರೆ ಅವು ಹಳೆಯ ಫಾಂಟಿನವಾಗಿರುತ್ತವೆ, ಆ ಫಾಂಟನ್ನೂ ಜೊತೆಗೇ ಕೇಳಿ ತನ್ನಿರಿ, ಇಲ್ಲವಾದರೆ ತೆರೆದಾಗ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು.

ಪ್ರತಿಗಳು ಮೂರು ಇರಲಿ: ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ, ಮೂರನೆಯದು ಬೇರೆ ಊರಿನಲ್ಲಿ ಅಥವಾ ಅಂತರ್ಜಾಲದಲ್ಲಿ. ಖಾತೆ ಯಾವುದಿದ್ದರೂ ಅದು ಗ್ರಂಥಾಲಯದ ಹೆಸರಿನಲ್ಲಿದ್ದು, ಗುಪ್ತಪದ ಸಮಿತಿಯ ಮೂವರಲ್ಲಿರಬೇಕು.

ಉತ್ತರ 2: ಓಲೆಗರಿ ಓದುವವ, ಮುಳ್ಳೇರಿಯ

ಓಲೆಗರಿಯ ಕಟ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ. ಆ ಲಿಪಿ ತುಳು ಲಿಪಿಯಾಗಿರುವ ಸಂಭವ ಹೆಚ್ಚು, ತಿಗಳಾರಿ ಎಂದೂ ಅದನ್ನು ಕರೆಯುತ್ತಾರೆ. ಗ್ರಂಥ ಎಂಬ ಹಳೆಯ ಲಿಪಿಯಿಂದ ಬಂದದ್ದಾದ್ದರಿಂದ ಮಲಯಾಳ ಲಿಪಿಯನ್ನು ಬಲ್ಲವರಿಗೆ ಹಲವು ಅಕ್ಷರಗಳು ಪರಿಚಿತವೆನಿಸುತ್ತವೆ, ಹಾಗೆಂದು ಅದನ್ನು ಹಳೆಯ ಮಲಯಾಳವೆಂದು ಪಟ್ಟಿಯಲ್ಲಿ ಬರೆದುಬಿಡಬಾರದು. ಇಂಥ ಕಟ್ಟುಗಳಲ್ಲಿ ಹೆಚ್ಚಿನವು ಸಂಸ್ಕೃತದ ಮಂತ್ರ, ಪೂಜಾವಿಧಿ, ಜ್ಯೋತಿಷ ಮೊದಲಾದವು. ಆದರೆ ನಮ್ಮ ಪುಂಡೂರಿನ ವಿದ್ವಾಂಸರಾದ ವೆಂಕಟರಾಜ ಪುಣಿಂಚತ್ತಾಯರು ವಿಷ್ಣುತುಂಗನ ತುಳು ಭಾಗವತವನ್ನು ಬೆಳಕಿಗೆ ತಂದದ್ದು ಇಂಥದ್ದೇ ಗರಿಗಳಿಂದ. ತುಳುವಿನಲ್ಲಿ ಹಳೆಯ ಕಾವ್ಯವೇ ಇಲ್ಲವೆಂಬ ಮಾತು ಅಲ್ಲಿಗೆ ನಿಂತಿತು. ಆದ್ದರಿಂದ ಓದಿಸದೆ ಯಾವ ಕಟ್ಟನ್ನೂ ಬದಿಗಿಡಬಾರದು. ಓದಿದ ಮೇಲೆ ಅದು ಬರಿಯ ಪೂಜಾವಿಧಿಯೆಂದು ತಿಳಿದರೂ ನಿರಾಶರಾಗಬಾರದು, ಏಕೆಂದರೆ ಕೊನೆಯ ಗರಿಯಲ್ಲಿ ಬರೆದವನ ಹೆಸರು, ಸಂವತ್ಸರ, ಊರು ಇದ್ದರೆ ಅದರಿಂದಲೇ ಒಂದು ಮನೆತನದ ಕಾಲ ತಿಳಿಯುತ್ತದೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲ, ಕರ್ತೃತ್ವಗಳ ಕುರಿತು ವಿದ್ವಾಂಸರು ಅಷ್ಟು ದೀರ್ಘವಾಗಿ ಚರ್ಚಿಸಬೇಕಾಗಿ ಬಂದದ್ದನ್ನು ನೆನೆದರೆ, ಕೊನೆಯ ಎರಡು ಸಾಲಿನ ಬೆಲೆ ಎಷ್ಟೆಂದು ನಿಮಗೆ ಹೊಳೆದೀತು.

ಗರಿಗಳಿಗೆ ನೀವಾಗಿ ಎಣ್ಣೆ ಹಚ್ಚಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅಂಟಿಕೊಂಡವನ್ನು ಬಿಡಿಸಲು ಹೋಗಬೇಡಿ. ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚಿ ಮಸಿ ತುಂಬುವ ಕ್ರಮ ಇರುವುದು ನಿಜ, ಅದನ್ನು ಮಾಡಿ ಬಲ್ಲವರ ಕೈಯಿಂದಲೇ ಮಾಡಿಸಬೇಕು. ದಾರ ಜೀರ್ಣವಾಗಿದ್ದರೆ ಬಿಚ್ಚುವ ಮೊದಲು ಕಟ್ಟಿನ ನಾಲ್ಕೂ ಬದಿಯ ಚಿತ್ರ ತೆಗೆಯಿರಿ, ಗರಿಗಳ ಅನುಕ್ರಮ ಒಮ್ಮೆ ತಪ್ಪಿದರೆ ಸರಿಪಡಿಸಲು ತಿಂಗಳುಗಳು ಹಿಡಿಯುತ್ತವೆ. ಗರಿಯ ಎಡ ಅಂಚಿನಲ್ಲಿ ಸಾಮಾನ್ಯವಾಗಿ ಸಂಖ್ಯೆ ಕೊರೆದಿರುತ್ತಾರೆ, ಅದು ಚಿತ್ರದೊಳಗೆ ಬರಲೇಬೇಕು. ಮಸಿ ಹೋದ ಗರಿಯಾದರೆ ಬೆಳಕನ್ನು ನೇರ ಮೇಲಿನಿಂದ ಬಿಡದೆ ಒಂದು ಪಕ್ಕದಿಂದ ತಗ್ಗಾಗಿ ಬಿಡಿ, ಕಂಟದಿಂದ (ಗರಿಯ ಮೇಲೆ ಬರೆಯುವ ಲೋಹದ ಮೊನೆಯಿಂದ) ಕೊರೆದ ಗೀರಿನಲ್ಲಿ ನೆರಳು ಬಿದ್ದು ಅಕ್ಷರ ಮೂಡಿ ಕಾಣುತ್ತದೆ. ನನ್ನ ಅಜ್ಜನ ಕಟ್ಟನ್ನು ಹಗಲಿಡೀ ನೋಡಿ ಬರಿಯ ಗರಿಯೆಂದು ಎತ್ತಿಡಲು ಹೊರಟವನು, ಸಂಜೆ ಕಿಟಕಿಯಿಂದ ಓರೆಯಾಗಿ ಬಂದ ಬಿಸಿಲಿನಲ್ಲಿ ಅಕ್ಷರಗಳು ಎದ್ದು ಬಂದದ್ದನ್ನು ಕಂಡೇ ಈ ಪಾಠ ಕಲಿತೆ.

2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿದೆ. ಓದುಗರ ಸಲುವಾಗಿ ಕನ್ನಡ ಲಿಪಿಯಲ್ಲಿ ಪ್ರತಿ ಮಾಡಿರಿ, ಸಾಧ್ಯವಾದರೆ ಮೂಲ ಲಿಪಿಯಲ್ಲಿಯೂ ಒಂದು ಪಠ್ಯ ಇರಲಿ.

ಉತ್ತರ 3: ಕನ್ನಡ ಅಧ್ಯಾಪಿಕೆ, ಪೆರ್ಲ

ಮೇಲಿನ ಇಬ್ಬರು ಹಿರಿಯರೂ ಕಾಗದ ಗರಿಗಳ ಬಗ್ಗೆ ಹೇಳಿದ್ದಾರೆ, ನಾನು ಬರವಣಿಗೆಗೇ ಬಾರದ ಸಂಪತ್ತಿನ ಬಗ್ಗೆ ಹೇಳಬೇಕಾಗಿದೆ. ನಿಮ್ಮ ಪಟ್ಟಿಯಲ್ಲಿ ಪಾಡ್ದನದ, ಅಂದರೆ ತುಳುವಿನ ಕಥಾಹಾಡಿನ, ಹೆಸರಿಲ್ಲ. ನೇಜಿ (ಭತ್ತದ ಸಸಿ) ನೆಡುವಾಗ ಅದನ್ನು ಹಾಡುತ್ತಿದ್ದ ಹೆಂಗಸರು ನಿಮ್ಮ ಹಳ್ಳಿಯಲ್ಲೂ ಇದ್ದೇ ಇರುತ್ತಾರೆ. ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಅವರಿಗೆ ಹಾಡುವ ಸಂದರ್ಭವೇ ಇಲ್ಲವಾಗಿದೆ.

ನನಗಾದ ಒಂದು ಅನುಭವವನ್ನು ಹೇಳುತ್ತೇನೆ. ಎಂಟು ವರ್ಷಗಳ ಹಿಂದೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಮನೆಯ ಜಗಲಿಯಲ್ಲಿ ಕುಳಿತು ಧ್ವನಿಮುದ್ರಣ ಮಾಡುತ್ತಿದ್ದೆ. ಅವರು ವೀಳ್ಯ ಮೆಲ್ಲುತ್ತ ಎರಡು ಗಂಟೆ ನಿರಾಯಾಸವಾಗಿ ಹಾಡಿದರು. ಒಂದು ದೈವದ ಸಂಧಿಗೆ (ಆ ದೈವದ ಕಥೆಯ ಹಾಡಿಗೆ) ಬಂದಾಗ ನಿಲ್ಲಿಸಿ, ‘ಟೀಚರೇ, ಇನ್ನು ಅದನ್ನು ಬಂದ್ ಮಾಡಿ, ಇದು ಹೊತ್ತಲ್ಲದ ಹೊತ್ತಿನಲ್ಲಿ ಕೇಳುವಂಥದ್ದಲ್ಲ’ ಎಂದರು. ನಾನು ನಿಲ್ಲಿಸಿದೆ. ಆ ಮೇಲೆ ಅವರು ಹಾಡಿದ್ದನ್ನು ನಾನು ಕೇಳಿದ್ದೇನೆಯೇ ಹೊರತು ದಾಖಲಿಸಿಲ್ಲ. ಅದೇ ವರ್ಷ ಬೇರೊಂದು ಮನೆಯಲ್ಲಿ ಯಾರೋ ತೆಗೆದುಕೊಂಡು ಹೋದ ದೈವದ ನುಡಿಯ ತುಣುಕು ಮೊಬೈಲುಗಳಲ್ಲಿ ತಮಾಷೆಯ ಸಂಗೀತದ ಜೊತೆ ಹರಿದಾಡಿತು. ಆ ದೈವವನ್ನು ಕಟ್ಟುವವರ (ದೈವದ ವೇಷ ತೊಡುವವರ) ಕುಟುಂಬ ಅಂದಿನಿಂದ ಹೊರಗಿನ ಯಾರನ್ನೂ ಹತ್ತಿರಕ್ಕೆ ಬಿಡುತ್ತಿಲ್ಲ. ಅವರ ನೋವು ನ್ಯಾಯವಾದದ್ದು. ದೈವದ ಚಾಕರಿ ಅವರ ಪಾಲಿಗೆ ಬದುಕು, ಅದನ್ನು ಕಲೆ, ಪರಂಪರೆ ಎಂಬ ನಮ್ಮ ಮಾತುಗಳೊಳಗೆ ಎಳೆದು ತರುವ ಮೊದಲು ಅವರನ್ನೇ ಕೇಳಬೇಕು.

ಆದುದರಿಂದ ಪ್ರತಿಯೊಂದು ವಸ್ತುವಿನ ಜೊತೆಗೂ ಒಪ್ಪಿಗೆಯ ವಿವರ ಇರಬೇಕು: ಎಲ್ಲರೂ ಕೇಳಬಹುದೇ, ಗ್ರಂಥಾಲಯಕ್ಕೆ ಬಂದವರು ಮಾತ್ರ ಕೇಳಬಹುದೇ, ಕುಟುಂಬದವರಿಗೆ ಮಾತ್ರವೇ ಎಂದು. ಒಪ್ಪಿಗೆಯ ಪತ್ರ ಓದಲು ಬಾರದವರಿಗೆ ತುಳುವಿನಲ್ಲಿ ವಿವರಿಸಿ ಹೇಳಿ, ಅವರ ಉತ್ತರವನ್ನು ಅದೇ ಧ್ವನಿಮುದ್ರಣದ ಆರಂಭದಲ್ಲಿ ಸೇರಿಸಿರಿ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಅವಕಾಶವೂ ಅವರಿಗಿರಲಿ. ಮೂಲಗೇಣಿ, ಚಾಲಗೇಣಿಯ ಚೀಟುಗಳಿಗೂ ಇದೇ ಮಾತು ಸಲ್ಲುತ್ತದೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾದ್ದರಿಂದ ಅವು ಚರಿತ್ರೆಯ ಕಾಗದಗಳೆಂದು ನಮಗೆ ತೋರಬಹುದು, ಆದರೆ ಆ ಮನೆಗಳಲ್ಲಿ ಪಾಲಿನ ತಕರಾರು ಇನ್ನೂ ನಡೆಯುತ್ತಿರಬಹುದು.

ಬರೆದಿಳಿಸುವಾಗ ಅಜ್ಜಿಯ ತುಳುವನ್ನು ತಿದ್ದಬೇಡಿ. ಒಂದೇ ಹಾಡಿನಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡದ ಶಬ್ದಗಳು ಬೆರೆತಿರುವುದು ನಮ್ಮ ನೆಲದ ಸಹಜ ಗುಣ.

ಉತ್ತರ 4: ಕೂಟದ ಅಭಿಮಾನಿ, ಬೆಂಗಳೂರು (ಮೂಲ ಕುಂಬಳೆ)

ಕ್ಯಾಸೆಟ್‌ಗಳನ್ನು ಮೊದಲು ಎತ್ತಿಕೊಳ್ಳಿ ಎಂದು ನನ್ನ ಕಳಕಳಿಯ ಮನವಿ. ಕಾಗದವನ್ನು ನೂರು ವರ್ಷಗಳ ಮೇಲೂ ಓದಬಹುದು, ಟೇಪಿಗೆ ಅಷ್ಟು ಆಯುಷ್ಯವಿಲ್ಲ, ಅದನ್ನು ನುಡಿಸುವ ಒಳ್ಳೆಯ ಯಂತ್ರಗಳೂ ಅಪರೂಪವಾಗಿವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮೂರಿನ ಕಪಾಟಿನಲ್ಲಿ ಬೂಷ್ಟು ಹಿಡಿಯದ ಕ್ಯಾಸೆಟ್ ಇರುವುದೇ ಕಡಿಮೆ. ಬಿಳಿಯ ಬೂಷ್ಟು ಕಂಡ ಕ್ಯಾಸೆಟನ್ನು ಹಾಗೆಯೇ ಪ್ಲೇಯರಿಗೆ ಹಾಕಿದರೆ ಅದು ಹೆಡ್ಡಿಗೆ ಅಂಟಿ, ಮುಂದಿನದಕ್ಕೂ ಹರಡುತ್ತದೆ. ಅಂಥವನ್ನು ಬೇರೆಯಾಗಿ ಒಣ ಜಾಗದಲ್ಲಿಟ್ಟು, ಚೊಕ್ಕವಿರುವುದನ್ನು ಮೊದಲು ಮಾಡಿ ಮುಗಿಸಿ. ಟೇಪಿನ ಹಿಂದಿರುವ ಪುಟ್ಟ ಸ್ಪಂಜಿನ ಪ್ಯಾಡ್ ಉದುರಿದ್ದರೆ ಸ್ವರ ಮಂಕಾಗಿ ಕೇಳಿಸುತ್ತದೆ. ಆಗ ಕ್ಯಾಸೆಟ್ ಹಾಳಾಯಿತೆಂದು ಎಸೆಯಬೇಡಿ, ರೀಲನ್ನು ಬೇರೆ ಗೂಡಿಗೆ ದಾಟಿಸಿದರೆ ಸಾಕು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ವೇವ್ ಕಡತವಾಗಿ ಉಳಿಸಿದರೆ ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು ಒಂದು ಜಿಬಿ ಬರುತ್ತದೆ. ಎಂಪಿ3 ಕೇಳುವುದಕ್ಕೆ ಮಾತ್ರ. ಗದ್ದಲ ತೆಗೆಯುವ ತಂತ್ರಾಂಶವನ್ನು ಮೂಲ ಕಡತದ ಮೇಲೆ ಓಡಿಸಬೇಡಿ, ಮದ್ದಳೆಯ ನಾದವನ್ನೂ ಅದು ಗದ್ದಲವೆಂದೇ ಭಾವಿಸಿ ಸವರಿಬಿಡುತ್ತದೆ.

ಕೂಟದಲ್ಲಿ ಅರ್ಥ ಹೇಳುವವರ (ಪಾತ್ರವಾಗಿ ಮಾತಾಡುವವರ) ಹೆಸರು ಕ್ಯಾಸೆಟಿನ ಮೇಲೆ ಇರುವುದಿಲ್ಲ, ಇದ್ದರೂ ‘ಕರ್ಣಪರ್ವ, ಎರಡನೇ ಭಾಗ’ ಎಂದಷ್ಟೇ ಇರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಪ್ರಸಿದ್ಧರ ಧ್ವನಿಯನ್ನು ಯಾರಾದರೂ ಗುರುತಿಸಿಯಾರು. ಆದರೆ ಅದೇ ಕೂಟದಲ್ಲಿ ಸಣ್ಣ ಪಾತ್ರ ಹೇಳಿದ ಹಳ್ಳಿಯ ಮಾಸ್ತರರ ಧ್ವನಿಯನ್ನು ಗುರುತಿಸಬಲ್ಲವರು ಆ ಊರಿನ ನಾಲ್ಕೈದು ಮಂದಿ ಮಾತ್ರ. ಅವರನ್ನು ಒಟ್ಟಿಗೆ ಕೂರಿಸಿ ಕೇಳಿಸಿ, ಯಾವ ನಿಮಿಷದಲ್ಲಿ ಯಾರು ಮಾತಾಡುತ್ತಾರೆಂದು ಬರೆದುಕೊಳ್ಳಿ.

ಹಕ್ಕಿನ ವಿಷಯ ಎರಡು ಮಾತಿನಲ್ಲಿ: ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳು ಬದುಕಿದ್ದಾಗಲೇ ಪ್ರಕಟಿಸಿದ ಕೃತಿಗಳು 2024ರಿಂದ ಮುಕ್ತವಾಗಿವೆ. 2015ರಲ್ಲಿ ನಮ್ಮನ್ನಗಲಿದ ಕಯ್ಯಾರ ಕಿಞ್ಞಣ್ಣ ರೈಗಳವು ಹಾಗಲ್ಲ, ಸ್ಮರಣ ಸಂಚಿಕೆಯಲ್ಲಿ ಅವರ ಕವಿತೆಯಿದ್ದರೆ ಕುಟುಂಬದ ಅನುಮತಿ ಬೇಕು. ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕಿದೆ, ಅದರ ಅವಧಿ 50 ವರ್ಷ. ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದ್ದನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದೆಂಬುದನ್ನು ಒಪ್ಪಿಗೆ ಕೇಳುವಾಗಲೇ ಹೇಳಿಬಿಡಿ.

ಉತ್ತರ 5: ಸಂಶೋಧನ ವಿದ್ಯಾರ್ಥಿ, ಕಾಸರಗೋಡು

ಎಲ್ಲರ ಮಾತನ್ನೂ ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ. ಹಳ್ಳಿಗೊಂದು ಜಾಲತಾಣ ಮಾಡುವುದು ನನಗೆ ಸರಿಕಾಣುವುದಿಲ್ಲ. ಮೂರನೆಯ ವರ್ಷ ಡೊಮೈನಿನ ಹಣ ಕಟ್ಟುವವರಿಲ್ಲದೆ ಅವು ಮುಚ್ಚುತ್ತವೆ. ಓಲೆಗರಿಗಳಿಗಾಗಿ 2003ರಿಂದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಕೆಲಸ ಮಾಡಿದೆ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಂತರ್ಜಾಲದಲ್ಲಿ ಇಂಟರ್ನೆಟ್ ಆರ್ಕೈವ್, ಕನ್ನಡ ವಿಕಿಸೋರ್ಸ್ ಇವೆ. ಕಡತಗಳನ್ನು ಅಲ್ಲಿಗೆ ಸೇರಿಸಿ, ಪಟ್ಟಿಯನ್ನು ಮಾತ್ರ ನಾವು ಇಟ್ಟುಕೊಳ್ಳೋಣ. ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಎಲ್ಲ ಕಡೆಯ ಆಸಕ್ತರೂ ಒಂದೇ ಬಗೆಯ ಕಾಲಂಗಳಲ್ಲಿ ಪಟ್ಟಿ ಮಾಡಿದರೆ, ವರ್ಷಕ್ಕೊಮ್ಮೆ ಅವನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಕೂಡಿಸಬಹುದು, ಬೇರೆ ತಂತ್ರಾಂಶ ಈಗಲೇ ಬೇಕಾಗದು.

ಉತ್ತರ 6: ಕಾಲೇಜು ಗ್ರಂಥಾಲಯದಿಂದ ನಿವೃತ್ತೆ, ಮಂಜೇಶ್ವರ

ಜಾಲತಾಣ ಬೇಡವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮೂಲ ವಸ್ತುವನ್ನು ಮನೆಯವರ ಕೈಯಿಂದ ತೆಗೆದು ದೂರದ ಸಂಸ್ಥೆಗೆ ಕಳಿಸುವುದಕ್ಕೆ ನನ್ನ ಸಮ್ಮತಿಯಿಲ್ಲ. ಹಾಗೆ ಕೊಟ್ಟ ಪುಸ್ತಕಗಳನ್ನು ನೋಡಲು ಕೊಟ್ಟವರ ಮಕ್ಕಳೇ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತದ್ದನ್ನು ಕಂಡಿದ್ದೇನೆ. ವಸ್ತು ಮನೆಯಲ್ಲಿರಲಿ, ಪ್ರತಿ ಎಲ್ಲ ಕಡೆ ಇರಲಿ. ಪೆರ್ಲದ ಅಧ್ಯಾಪಿಕೆಯವರು ಹೇಳಿದ ಒಪ್ಪಿಗೆಯ ವಿವರವೂ ಆ ಕಾಲಂಗಳಲ್ಲಿ ಸೇರಲಿ, ‘ಎಲ್ಲರಿಗೂ’ ಎಂದು ಬರೆದವು ಮಾತ್ರ ಅಂತರ್ಜಾಲಕ್ಕೆ ಹೋಗಲಿ.

ಪ್ರಶ್ನೆ ಕೇಳಿದವರಿಂದ: ಗ್ರಂಥಪಾಲಕ, ಬದಿಯಡ್ಕ ಸಮೀಪ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಸಮಿತಿಯವರು ಸೇರಿ, ಸ್ಕ್ಯಾನರಿಗೆಂದು ಕೂಡಿಸಿದ್ದ ಹಣದಲ್ಲಿ ಒಳ್ಳೆಯ ಕ್ಯಾಸೆಟ್ ಡೆಕ್ ಒಂದನ್ನೂ ಎರಡು ಹಾರ್ಡ್ ಡಿಸ್ಕ್‌ಗಳನ್ನೂ ಮೊದಲು ಕೊಳ್ಳುವುದೆಂದು ನಿರ್ಧರಿಸಿದೆವು. ರಿಜಿಸ್ಟರಿನಲ್ಲಿ ಈಗಾಗಲೇ ಒಂಬತ್ತು ಪುಸ್ತಕಗಳ ವಿವರ ಬರೆದಾಗಿದೆ. ಭಾಗವತರ ಮಗನಿಗೆ ಈಗ ಎಂಬತ್ತೊಂದು ವರ್ಷ. ‘ವೇಷ ತಡವಾದರೆ ಮಾತ್ರ’ ಎಂಬ ಟಿಪ್ಪಣಿಯನ್ನು ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆ ಎರಡು ಪದಗಳನ್ನೂ ತಂದೆ ಹಾಡುತ್ತಿದ್ದ ಕ್ರಮದಲ್ಲಿಯೇ ಹಾಡಿ ತೋರಿಸಿದರು. ಧ್ವನಿಮುದ್ರಣಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ, ಮುಂದಿನ ಭಾನುವಾರ ಬೆಳಿಗ್ಗೆ ಮಾಡುತ್ತೇವೆ. ನೇಜಿ ನೆಟ್ಟ ಇಬ್ಬರು ಅಜ್ಜಿಯಂದಿರ ಮನೆಗೆ, ಯಂತ್ರವಿಲ್ಲದೆ ಬರಿಗೈಯಲ್ಲಿ, ಒಮ್ಮೆ ಹೋಗಿ ಮಾತಾಡಿಸಿ ಬರಬೇಕೆಂದೂ ಇದೆ. ಮುಳ್ಳೇರಿಯದ ಮಹನೀಯರಲ್ಲಿ ಒಂದು ಕೋರಿಕೆ: ಓಲೆಗರಿಯ ಕಟ್ಟನ್ನು ನಾವು ಬಿಚ್ಚಿಲ್ಲ. ತಾವು ಬಿಡುವಾದ ಒಂದು ದಿನ ಬಂದು, ಕೊನೆಯ ಗರಿಯನ್ನಾದರೂ ಓದಿ ಹೇಳಬಹುದೇ? ಮನೆಯವರು ಕಾಯುತ್ತಿದ್ದಾರೆ.